ಗ್ಯಾಸ್ ಫೈರ್‌ಪ್ಲೇಸ್ ನಾವೇ ಫಿಟ್ ಮಾಡ್ಕೋಬಹುದಾ? ಹೊಗೆ-ಬೂದಿ ಇಲ್ಲ ಅಂದ್ಮೇಲೆ ಮೇಂಟೆನೆನ್ಸ್ ಏನಿರುತ್ತೆ?

"ಹೊಗೆ ಇಲ್ಲ, ಬೂದಿ ಇಲ್ಲ, ಇನ್ನು ಮೇಂಟೆನೆನ್ಸ್ ಏನಿರುತ್ತೆ" ಅಂದಿದೀರಲ್ಲ, ಇದೇ ಮಾತನ್ನ ನಾನು ನನ್ನ ಹೆಂಡ್ತಿಗೆ ಹೇಳಿದ್ದೆ, ಅವಳು ವರ್ಷಕ್ಕೊಂದ್ಸಲ ಸರ್ವಿಸ್ ಮಾಡಿಸ್ಬೇಕಂತೆ ಅಂತ ಮ್ಯಾನ್ಯುಯಲ್ ಹಿಡ್ಕೊಂಡು ಬಂದಾಗ. ಮ್ಯಾನ್ಯುಯಲ್ ಡ್ರಾಯರ್ ಸೇರ್ತು. ಒಂದೂವರೆ ವರ್ಷ ಆದ್ಮೇಲೆ ಒಂದು ರಾತ್ರಿ ಮನೆಯವರು ನಾಲ್ಕೂ ಜನ ಸ್ವೆಟರ್ ಕೂಡ ಇಲ್ದೆ ಹೊರಗಡೆ ಚಳೀಲಿ ನಿಂತಿದ್ವಿ.

ಗ್ಯಾಸ್ ಫೈರ್‌ಪ್ಲೇಸ್ ಅಂದ್ರೆ ಸೌದೆ ಬದಲು ಗ್ಯಾಸ್ ಉರಿಸಿ ಕೋಣೆ ಬೆಚ್ಚಗೆ ಮಾಡೋ ಒಲೆ, ನಮ್ಮದು ಅದ್ರಲ್ಲಿ ಡೈರೆಕ್ಟ್ ವೆಂಟ್ ಅನ್ನೋ ಟೈಪು. ಮುಂದೆ ಗಾಜು ಪೂರ್ತಿ ಸೀಲ್ ಆಗಿರುತ್ತೆ, ಹಿಂದಿಂದ ಪೈಪೊಳಗೊಂದು ಪೈಪು ಗೋಡೆ ದಾಟಿ ಆಚೆ ಹೋಗುತ್ತೆ, ಒಳಗಿನ ಪೈಪಲ್ಲಿ ಉರಿದ ಗಾಳಿ ಹೊರಗೆ, ಸುತ್ತ ಇರೋ ದೊಡ್ಡ ಪೈಪಲ್ಲಿ ಹೊಸ ಗಾಳಿ ಒಳಗೆ. ಎಲ್ಲ ಸರಿ ಇದ್ರೆ ನಾವು ಉಸಿರಾಡೋ ಗಾಳಿಗೂ ಆ ಬೆಂಕಿಗೂ ಸಂಬಂಧಾನೇ ಇರಲ್ಲ. ಫಿಟ್ಟಿಂಗ್ ಲೈಸೆನ್ಸ್ ಇರೋರ ಕೈಲೇ ಮಾಡಿಸಿದ್ದು, ಅವರ ಕೆಲಸದಲ್ಲಿ ಒಂದು ಸ್ಕ್ರೂ ಕೂಡ ತಪ್ಪಿರ್ಲಿಲ್ಲ, ಅದನ್ನ ಮೊದಲೇ ಹೇಳ್ಬಿಡ್ತೀನಿ.

ಒಳಗಡೆ ಸೆರಾಮಿಕ್‌ದು ಐದು ಸೌದೆ ತುಂಡು ಇತ್ತು. ನೋಡೋಕೆ ನಿಜವಾದ ಸೌದೆ, ತೊಗಟೆ ಎಲ್ಲ ಕೆತ್ತಿರ್ತಾರೆ. ಅದ್ರಲ್ಲಿ ಮೂರನೇದು, ಮೇಲೆ ಅಡ್ಡ ಮಲಗಿರೋದು, ನನ್ನ ಕಣ್ಣಿಗೆ ಸೊಟ್ಟ. ಸೋಫಾ ಮೇಲೆ ಕೂತ್ರೆ ಸಾಕು ಅದೇ ಕಾಣೋದು. ಒಂದು ಭಾನುವಾರ ಎಲ್ಲ ತಣ್ಣಗಿದ್ದಾಗ ಕೆಳಗಿನ ಕ್ಲಿಪ್ ಎಳೆದು ಗಾಜು ಇಳಿಸಿ ಆ ತುಂಡನ್ನ ಎತ್ತಿ ಎರಡು ಇಂಚು ಮುಂದಕ್ಕೆ ಇಟ್ಟೆ. ಅದರ ತಳದಲ್ಲೊಂದು ತೂತು ಇತ್ತು, ಕೆಳಗಿನ ತುಂಡಲ್ಲೊಂದು ಸಣ್ಣ ಗೂಟ, ಎರಡೂ ಒಂದಕ್ಕೊಂದು ಕೂರೋ ಹಾಗೆ. ನಾನಿಟ್ಟ ಜಾಗದಲ್ಲಿ ಅದು ಕೂರ್ತಿರ್ಲಿಲ್ಲ, ಅಲ್ಲಾಡ್ತಿತ್ತು, ಅದಕ್ಕೊಂದು ಕಲ್ಲು ಒತ್ತು ಕೊಟ್ಟೆ. ಕೆಂಡದ ಥರ ಹೊಳೀಲಿ ಅಂತ ರಾಕ್‌ವೂಲ್ (ಹತ್ತಿ ಥರದ ಕಲ್ಲಿನ ನಾರು) ಪ್ಯಾಕೆಟ್ ಕೊಟ್ಟಿರ್ತಾರೆ, ಅದ್ರಲ್ಲಿ ಮುಕ್ಕಾಲು ಪಾಲು ಉಳಿದಿತ್ತು, ಯಾಕೆ ಸುಮ್ನೆ ಅಂತ ಅಷ್ಟನ್ನೂ ಬರ್ನರ್ ಮೇಲೆ ಹರಡಿದೆ. ಹಚ್ಚಿದ್ರೆ ಏನ್ ಜ್ವಾಲೆ ಅಂತೀರ, ಮೊದಲು ಇದ್ದಿದ್ದಕ್ಕಿಂತ ಎತ್ತರ, ಹಳದಿ, ತುದೀಲಿ ಸ್ವಲ್ಪ ಕಪ್ಪು ಬಾಲ. ಫೋಟೋ ತೆಗೆದು ಎಲ್ಲರಿಗೂ ಕಳಿಸಿದೆ.

ಆ ಕಪ್ಪು ಬಾಲಾನೇ ಮಸಿ. ಇಲ್ಲಿ ಸ್ವಲ್ಪ ಜಾಸ್ತೀನೇ ಹೇಳ್ತೀನಿ, ತಾಳ್ಮೆ ಇರ್ಲಿ, ಯಾಕಂದ್ರೆ ಇದನ್ನ ನಂಗೆ ಯಾರೂ ಹೇಳಿರ್ಲಿಲ್ಲ (ಮ್ಯಾನ್ಯುಯಲ್ ಹೇಳಿತ್ತು, ಅದು ಡ್ರಾಯರಲ್ಲಿತ್ತು). ಒಂದು ಮೇಣದಬತ್ತಿ ಹಚ್ಚಿ, ಉರಿಯ ಮಧ್ಯಕ್ಕೆ ಸ್ಟೀಲ್ ಚಮಚ ಹಿಡೀರಿ, ಎರಡು ಸೆಕೆಂಡಲ್ಲಿ ಚಮಚದ ತಳ ಕರ್ರಗೆ ಕಾಡಿಗೆ ಕಟ್ಟುತ್ತೆ. ಚಮಚ ತೆಗೀರಿ, ಅದೇ ಬತ್ತಿ ಹೆಚ್ಚುಕಮ್ಮಿ ಹೊಗೆ ಇಲ್ದೆ ಉರಿಯುತ್ತೆ. ಅಂದ್ರೆ ಆ ಕರಿ ಮೊದಲಿಂದಾನೂ ಜ್ವಾಲೆ ಒಳಗೆ ಇತ್ತು, ಮೇಲಕ್ಕೆ ಹೋಗ್ತಾ ಹೋಗ್ತಾ ಗಾಳಿ ಸಿಕ್ಕಿ ಪೂರ್ತಿ ಉರಿದು ಹೋಗ್ತಿತ್ತು. ಮಧ್ಯದಲ್ಲಿ ಚಮಚ ಅಡ್ಡ ಬಂದು ಜ್ವಾಲೇನ ತಣ್ಣಗೆ ಮಾಡಿದ್ರಿಂದ ಅರ್ಧಕ್ಕೇ ನಿಂತುಹೋಯ್ತು. ಗ್ಯಾಸೂ ಅಷ್ಟೇ. ಪೂರ್ತಿ ಉರಿದ್ರೆ ಕಾರ್ಬನ್ ಡೈಆಕ್ಸೈಡು, ನೀರಾವಿ, ಅಷ್ಟೇ ಉಳಿಯೋದು. ಅರ್ಧ ಉರಿದ್ರೆ ಮಸಿ, ಅದರ ಜೊತೆಗೇ ಕಾರ್ಬನ್ ಮೊನಾಕ್ಸೈಡ್ ಅನ್ನೋ ವಿಷಗಾಳಿ, ಇದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ನಮ್ಮ ರಕ್ತದ ಹಿಮೋಗ್ಲೋಬಿನ್‌ಗೆ ಆಕ್ಸಿಜನ್‌ಗಿಂತ 200 ಪಟ್ಟಿಗೂ ಜಾಸ್ತಿ ಗಟ್ಟಿಯಾಗಿ ಅಂಟ್ಕೊಳುತ್ತೆ. ಆ ಗೂಟ, ಆ ತೂತು ಇರೋದು ಜ್ವಾಲೆ ಯಾವ ಸಂದಿಯಿಂದ ಮೇಲೇಳ್ಬೇಕು ಅಂತ ಕಂಪನಿಯವರು ಟೆಸ್ಟ್ ಮಾಡಿ ಇಟ್ಟಿರೋದಕ್ಕೆ. ನಾನು ಅದನ್ನ ಶೋಕೇಸ್ ಗೊಂಬೆ ಅಂದ್ಕೊಂಡು ಜೋಡಿಸ್ತಾ ಕೂತಿದ್ದೆ. ರಾಕ್‌ವೂಲು ಇನ್ನೊಂದು ಕಥೆ, ಅದನ್ನ ಬರ್ನರ್ ತೂತಿನ ಮೇಲೆ ದಪ್ಪಗೆ ಒತ್ತಿದ್ರೆ ಗ್ಯಾಸ್ ಬರೋ ದಾರಿ, ಗಾಳಿ ಸೇರೋ ದಾರಿ ಎರಡೂ ಕೆಡುತ್ತೆ.

ಹತ್ತು ದಿನದಲ್ಲಿ ಗಾಜಿನ ಮೇಲ್ಭಾಗ ಕಪ್ಪಗಾಯ್ತು. ನಾನೇನ್ ಮಾಡಿದೆ? ಒರೆಸಿದೆ. ಇನ್ನೊಂದ್ ವಾರಕ್ಕೆ ಮತ್ತೆ ಕಪ್ಪು, ಮತ್ತೆ ಒರೆಸಿದೆ. ಗಾಜು ಇಳಿಸೋದು ಒರೆಸೋದು ಹಾಕೋದು, ಇದೊಂದು ವಾರದ ಡ್ಯೂಟಿ ಥರ ಆಗೋಯ್ತು, ಮಸಿ ಯಾಕ್ ಬರ್ತಿದೆ ಅಂತ ಒಂದು ದಿನಾನೂ ತಲೆಗೆ ಹೋಗ್ಲಿಲ್ಲ ನೋಡಿ. ಆ ಗಾಜಿನ ಅಂಚಿಗೆ ಹಗ್ಗದ ಥರ ಒಂದು ಗ್ಯಾಸ್ಕೆಟ್ ಇರುತ್ತೆ, ಸೀಲ್ ಮಾಡೋದು ಅದೇ. ಪದೇ ಪದೇ ತೆಗೆದು ಹಾಕಿ ಎಡಗಡೆ ಮೂಲೇಲಿ ಅದು ಬಿಟ್ಕೊಂಡು ಜೋತಾಡ್ತಿತ್ತು. ಮನೇಲಿದ್ದ ಮಾಮೂಲಿ ಗಮ್ ಹಚ್ಚಿ ಅಂಟಿಸಿದೆ! ನೂರಾರು ಡಿಗ್ರಿ ಬಿಸಿ ಆಗೋ ಜಾಗಕ್ಕೆ.

ಅದೇ ಟೈಮಲ್ಲಿ ನಮ್ಮತ್ತೆಗೆ ತಲೆನೋವು ಶುರುವಾಯ್ತು. ಅವರು ದಿನಾ ಫೈರ್‌ಪ್ಲೇಸ್ ಪಕ್ಕದ ಕುರ್ಚೀಲೇ ಕೂರೋರು. ಸಂಜೆ ಹೊತ್ತಿಗೆ ತಲೆ ಭಾರ, ಹೊಟ್ಟೆ ತೊಳೆಸೋ ಹಾಗೆ, ಜ್ವರ ಮಾತ್ರ ಇಲ್ಲ. ಹೊರಗೆ ಒಂದು ರೌಂಡ್ ವಾಕ್ ಹೋಗಿ ಬಂದ್ರೆ ಸರಿ ಹೋಗೋದು. ಕನ್ನಡಕದ ನಂಬರ್ ಬದಲಾಗಿದೆ ಅಂತ ತೀರ್ಮಾನ ಮಾಡಿ ಕನ್ನಡಕ ಬದಲಾಯಿಸಿದ್ವಿ. ಮನೇಲಿದ್ರೆ ತಲೆನೋವು, ಆಚೆ ಹೋದ್ರೆ ಇಲ್ಲ, ಜ್ವರಾನೂ ಇಲ್ಲ ಅಂದ್ರೆ ಮೊದಲು ನೋಡ್ಬೇಕಾದ್ದು ಗ್ಯಾಸ್ ಉರಿಯೋ ಸಾಮಾನನ್ನ, ಇದನ್ನ ಎಲ್ಲಾದ್ರೂ ಬರೆದಿಟ್ಕೊಳಿ.

ಆ ರಾತ್ರಿ ಮಲಗೋ ಕೋಣೆ ಹೊರಗಿದ್ದ ಕಾರ್ಬನ್ ಮೊನಾಕ್ಸೈಡ್ ಅಲಾರಂ ಕೂಗ್ತು. ನಾನು ನಿದ್ದೆಗಣ್ಣಲ್ಲಿ ಎದ್ದು ಬ್ಯಾಟರಿ ಹೋಗಿರ್ಬೇಕು ಅಂತ ಅದನ್ನ ಗೋಡೆಯಿಂದ ಕಿತ್ತೆ. ಮಗಳು ಬಾಗಿಲಲ್ಲಿ ನಿಂತು "ಅಪ್ಪಾ, ಬ್ಯಾಟರಿ ಹೋದ್ರೆ ಒಂದೊಂದೇ ಸಲ ಕುಂಯ್ ಅನ್ನುತ್ತೆ, ಇದು ನಾಕ್ ನಾಕು ಹೊಡೀತಿದೆ, ಹಿಂದೆ ಬರ್ದಿದೆ ನೋಡು" ಅಂದ್ಲು. ತಿರುಗಿಸಿ ನೋಡಿದೆ, ಸ್ಟಿಕರ್ ಮೇಲೆ ಹಾಗೇ ಇತ್ತು. ಮುಂದೆ ಡಿಸ್‌ಪ್ಲೇನಲ್ಲಿ 112 ಪಿಪಿಎಂ, ಅಂದ್ರೆ ಹತ್ತು ಲಕ್ಷ ಪಾಲು ಗಾಳೀಲಿ 112 ಪಾಲು ಕಾರ್ಬನ್ ಮೊನಾಕ್ಸೈಡ್. ಇಂಥ ಅಲಾರಂಗಳು 70 ಪಿಪಿಎಂ ಇದ್ರೆ ಒಂದರಿಂದ ನಾಲ್ಕು ಗಂಟೆ ಒಳಗೆ, 400 ಇದ್ರೆ ಕಾಲು ಗಂಟೆ ಒಳಗೆ ಕೂಗೋ ಹಾಗೆ ಮಾಡಿರ್ತಾರೆ, ಅಂದ್ರೆ ಅದು ಕೂಗೋ ಹೊತ್ತಿಗೆ ನಾವು ಆ ಗಾಳೀಲಿ ತುಂಬ ಹೊತ್ತಿಂದ ಮಲಗಿದ್ವಿ. ಫೈರ್‌ಪ್ಲೇಸ್ ಆರಿಸೋದನ್ನೇ ಮರೆತು ಮಲಗಿದ್ದೆ ಅವತ್ತು. ಅತ್ತೇನ ಎಬ್ಬಿಸಿದ್ರೆ "ಇರಪ್ಪ, ಬರ್ತೀನಿ" ಅಂದು ಮತ್ತೆ ಮಲಗಿಬಿಟ್ರು, ಇಬ್ಬರು ಹಿಡ್ಕೊಂಡು ಹೊರಗೆ ಕರ್ಕೊಂಡ್ ಬಂದ್ವಿ. ಆಮೇಲೆ ಆಸ್ಪತ್ರೆ, ಆಕ್ಸಿಜನ್ ಮಾಸ್ಕು, ಎರಡು ದಿನ. ಈಗ ಹುಷಾರಾಗಿದ್ದಾರೆ.

ಮಾರನೇ ದಿನ ಬಂದ ಟೆಕ್ನಿಷಿಯನ್ ಗಾಜು ಇಳಿಸಿ ಟಾರ್ಚ್ ಬಿಟ್ಟು ಒಂದೇ ನೋಟಕ್ಕೆ "ಸರ್, ಈ ತುಂಡು ಯಾರು ಮುಟ್ಟಿದ್ದು?" ಅಂದ. ನಾನು ಸುಮ್ನಿದ್ದೆ. ಆತ ಸೌದೆ ಕೆಳಗಿನ ಕಲ್ಲು ತೆಗೆದು ನನ್ನ ಕೈಗೇ ಕೊಟ್ಟ. ಹೊರಗೆ ಹೋಗಿ ಪೈಪಿನ ತುದೀಲಿರೋ ವೆಂಟ್ ಕ್ಯಾಪ್ ಬಿಚ್ಚಿದ್ರೆ ಅದರ ಜಾಲರಿ ಮಸಿ ಕಟ್ಟಿ ಅರ್ಧ ಮುಚ್ಚಿಹೋಗಿತ್ತು. ಹೊಗೆ ಹೋಗೋ ದಾರಿ ಅರ್ಧ ಬಂದ್, ಗಾಜಿನ ಮೂಲೇಲಿ ನನ್ನ ಗಮ್ ಸುಟ್ಟು ಕರಕಲಾಗಿ ಸಂದಿ ಬಿಟ್ಟಿದೆ, ಇನ್ನು ಆ ಹೊಗೆ ಎಲ್ಲಿಗೆ ಬರ್ಬೇಕು, ನಮ್ಮ ಹಾಲ್ ಒಳಗೇ ಬರ್ಬೇಕು. ಎರಡು ಇಂಚಿನ ಸೊಟ್ಟ ಸರಿ ಮಾಡೋಕೆ ಹೋಗಿ ಸೌದೆ ಸೆಟ್ಟು, ಗ್ಯಾಸ್ಕೆಟ್ಟು, ಬರ್ನರು, ಪೈಪ್ ಕ್ಲೀನಿಂಗು ಎಲ್ಲ ಹೊಸದಾಗಿ.

ಇನ್ನು ನಿಮ್ಮ ಪ್ರಶ್ನೆ. ಚಿಮಣಿನೂ ಬೇಡ ವೆಂಟೂ ಬೇಡ ಅನ್ನೋ ಮಾಡೆಲ್ ತಗೊಂಡ್ರೆ ಕೆಲಸ ಸುಲಭ ಅಂದಿದೀರ. ನನ್ನ ಕೇಳಿದ್ರೆ ಅದನ್ನ ತಗೋಲೇಬೇಡಿ. ಅದ್ರಲ್ಲಿ ಆಕ್ಸಿಜನ್ ಸೆನ್ಸರ್ ಇರುತ್ತೆ, ಸೇಫು ಅಂತಾರೆ ಮಾರೋರು. ಆ ಸೆನ್ಸರ್ ಕೋಣೇಲಿ ಆಕ್ಸಿಜನ್ ಮಾಮೂಲಿ 21 ಪರ್ಸೆಂಟಿಂದ 18ರ ಹತ್ರ ಇಳಿದಾಗ ಗ್ಯಾಸ್ ಬಂದ್ ಮಾಡುತ್ತೆ, ನಿಜ, ಕಾರ್ಬನ್ ಮೊನಾಕ್ಸೈಡನ್ನ ಅದು ಅಳೆಯೋದೇ ಇಲ್ಲ. ನನ್ನ ಥರ ಸೌದೆ ಸರಿಸೋ ಬುದ್ಧಿವಂತ ಮನೇಲಿದ್ರೆ ಆ ಮಸಿ ಗಾಳಿ ಪೂರ್ತಿ ಕೋಣೆಗೇ. ಅದೂ ಅಲ್ದೆ ಒಂದು ಕೆಜಿ ಪ್ರೊಪೇನ್ ಉರಿದ್ರೆ ಒಂದೂವರೆ ಕೆಜಿಗಿಂತ ಜಾಸ್ತಿ ನೀರಾವಿ ಹುಟ್ಟುತ್ತೆ, ಅದೆಲ್ಲ ನಿಮ್ಮ ಕಿಟಕಿ ಗಾಜು, ಗೋಡೆ ಮೂಲೆ ಸೇರಿ ಬೂಷ್ಟು ಹಿಡಿಯುತ್ತೆ. ಎಷ್ಟೋ ಕಡೆ ಇದಕ್ಕೆ ಪರ್ಮಿಶನ್ನೇ ಕೊಡಲ್ಲ. ಹಳೇ ಇಟ್ಟಿಗೆ ಚಿಮಣಿ ಇದ್ದು ಅದರೊಳಗೆ ಗ್ಯಾಸ್ ಸೌದೆ ಇಡೋರಿದ್ರೆ ಡ್ಯಾಂಪರ್ (ಚಿಮಣಿ ದಾರಿ ಮುಚ್ಚೋ ತಗಡು) ಮುಚ್ಕೊಳ್ದೆ ಇರೋ ಹಾಗೆ ಕ್ಲಾಂಪ್ ಹಾಕಿಸ್ಬೇಕು, ಅಡುಗೆಮನೆ ಎಕ್ಸಾಸ್ಟ್ ಫ್ಯಾನ್ ಜೋರಾಗಿ ಹಾಕಿದ್ರೆ ಚಿಮಣಿ ಹೊಗೇನ ವಾಪಸ್ ಒಳಗೆ ಎಳೆಯುತ್ತೆ ಅನ್ನೋದೂ ಗೊತ್ತಿರ್ಲಿ.

ನೀವೇ ಫಿಟ್ ಮಾಡೋದು? ಮರದ ಫ್ರೇಮು, ಸುತ್ತ ಟೈಲ್ಸು, ಮಾಡ್ಕೊಳಿ, ಮ್ಯಾನ್ಯುಯಲ್‌ನಲ್ಲಿ ಬೆಂಕಿ ಹತ್ಕೊಳೋ ವಸ್ತು ಎಷ್ಟು ದೂರ ಇರ್ಬೇಕು ಅಂತ ಇರುತ್ತೆ, ಅದನ್ನ ಒಂದು ಬೆರಳೂ ಕಮ್ಮಿ ಮಾಡ್ಬೇಡಿ. ಗ್ಯಾಸ್ ಲೈನು, ವೆಂಟು ಮಾತ್ರ ಲೈಸೆನ್ಸ್ ಇರೋರ ಕೈಗೆ. ಪೈಪ್ ಜೋಡಿಸೋದು ಎಷ್ಟೊತ್ತು, ಯೂಟ್ಯೂಬಲ್ಲಿದೆ ಅಂತೀರ. ಜೋಡಿಸ್ಬಹುದು, ಪ್ರೆಶರ್ ಅಳೆಯೋ ಮೀಟರ್ ನಿಮ್ಮತ್ರ ಇದ್ಯಾ? ನ್ಯಾಚುರಲ್ ಗ್ಯಾಸ್‌ನ ಜೆಟ್ (ಗ್ಯಾಸ್ ಹೊರಗೆ ಬರೋ ಸಣ್ಣ ತೂತು) ದೊಡ್ಡದು, ಪ್ರೊಪೇನ್‌ದು ಚಿಕ್ಕದು, ಅದನ್ನ ಬದಲಾಯಿಸ್ದೆ ಕನೆಕ್ಷನ್ ಕೊಟ್ರೆ ಜ್ವಾಲೆ ಹೇಗಿರುತ್ತೆ ಅಂತ ಊಹೆ ಮಾಡ್ಕೊಳಿ. ಕೆಲಸ ಮುಗಿಸಿದ್ಮೇಲೆ ನಿಮ್ಮೆದುರೇ ಪ್ರತಿ ಜಾಯಿಂಟ್‌ಗೂ ಸೋಪ್ ನೀರು ಹಚ್ಚೋಕೆ ಹೇಳಿ, ಗುಳ್ಳೆ ಬಂದ್ರೆ ಲೀಕು.

ಮೇಂಟೆನೆನ್ಸಿಗೆ ಬಂದ್ರೆ ವರ್ಷಕ್ಕೊಂದ್ಸಲ ಚಳಿ ಶುರುವಾಗೋಕೆ ಮುಂಚೆ ಸರ್ವಿಸ್, ಇದ್ರಲ್ಲಿ ಚೌಕಾಸಿ ಬೇಡ. ಬೇಸಿಗೆ ಪೂರ್ತಿ ಸುಮ್ನಿದ್ದಾಗ ಬರ್ನರಿಗೆ ಗಾಳಿ ಹೋಗೋ ತೂತಲ್ಲಿ ಜೇಡ ಬಲೆ ಕಟ್ಟುತ್ತೆ, ಹೊರಗಿನ ಕ್ಯಾಪಲ್ಲಿ ಹಕ್ಕಿ ಗೂಡು ಮಾಡುತ್ತೆ. ಗಾಜಿನ ಮೇಲೆ ತೆಳ್ಳಗೆ ಬಿಳಿ ಪೊರೆ ಬಂದ್ರೆ ಗಾಬರಿ ಬೇಡ, ಅದು ಮಾಮೂಲಿ, ಪೂರ್ತಿ ತಣ್ಣಗಾದ್ಮೇಲೆ ಅಮೋನಿಯ ಇಲ್ಲದ ಕ್ಲೀನರಲ್ಲಿ ಒರೆಸಿ. ಕಪ್ಪು ಬಂದ್ರೆ ಒರೆಸ್ಲೇಬೇಡಿ, ಆರಿಸಿ ಫೋನ್ ಮಾಡಿ. ಪೈಲಟ್ (ಬರ್ನರ್ ಹೊತ್ತಿಸೋ ಸಣ್ಣ ಜ್ವಾಲೆ) ಆರಿಹೋದ್ರೆ ಐದು ನಿಮಿಷ ಕಾದು ಆಮೇಲೆ ಹಚ್ಚಿ, ನಾನೊಂದ್ಸಲ ಕಾಯದೇನೇ ಹಚ್ಚಿ ಧಪ್ ಅಂತ ಇಡೀ ಗಾಜು ಅದುರಿತ್ತು. ಗ್ಯಾಸ್ ವಾಸನೆ ಬಂದ್ರೆ ಸ್ವಿಚ್ ಹಾಕೋದೂ ಬೇಡ ಆರಿಸೋದೂ ಬೇಡ, ಹೊರಗೆ ಹೋಗಿ ಅಲ್ಲಿಂದ ಫೋನ್ ಮಾಡಿ. ಸಣ್ಣ ಮಕ್ಕಳಿದ್ರೆ ಗಾಜಿನ ಮುಂದೆ ಜಾಲರಿ ಕಡ್ಡಾಯ, ಆರಿಸಿದ ಮೇಲೂ ತುಂಬ ಹೊತ್ತು ಅಂಗೈ ಸುಡೋವಷ್ಟು ಬಿಸಿ ಇರುತ್ತೆ. ಅಲಾರಂ ಪ್ರತಿ ಮಹಡೀಲೂ ಒಂದು, ಮಲಗೋ ಕೋಣೆ ಹೊರಗೆ ಒಂದು, ಅದಕ್ಕೂ ಆಯಸ್ಸಿದೆ, ಹಿಂದೆ ತಾರೀಖು ಇರುತ್ತೆ, ದಾಟಿದ್ರೆ ಬದಲಾಯಿಸಿ.

ಫೈರ್‌ಪ್ಲೇಸ್ ಮೇಲ್ಗಡೆ ಗೋಡೆಗೆ ಟಿವಿ ಹಾಕ್ಬಹುದಾ ಅಂತ ಕೊನೇಲಿ ಕೇಳಿದ್ರಿ. ಸಾಮಾನ್ಯವಾಗಿ ಟಿವಿಗಳು 40 ಡಿಗ್ರಿ ತನಕ ಅಂತ ಹೇಳಿರ್ತಾರೆ. ಟಿವಿ ಬರೋ ಜಾಗದಲ್ಲಿ ಗೋಡೆಗೆ ಒಂದು ಥರ್ಮಾಮೀಟರ್ ಟೇಪ್ ಹಾಕಿ ಅಂಟಿಸಿ, ಮೂರು ಗಂಟೆ ಫೈರ್‌ಪ್ಲೇಸ್ ಉರಿಸಿ ನೋಡಿ, ಜ್ವರ ನೋಡೋದಲ್ಲ, ಕೋಣೆ ಬಿಸಿ ನೋಡೋದು. ನಮ್ಮನೇಲಿ 52 ತೋರಿಸ್ತು, ಟಿವಿ ಈಗ ಪಕ್ಕದ ಗೋಡೇಲಿದೆ.