ಜೋಳದ ರೊಟ್ಟಿ ಹರಿದು ಹೋಗುತ್ತಿದೆ, ಗೋಧಿ ಹಿಟ್ಟು ಸೇರಿಸಲಾ?

ಸೇರಿಸಬೇಡಿ. ಮೊದಲು ಹಿಟ್ಟು ಬದಲಿಸಿ, ಆಮೇಲೆ ನೀರು ಕುದಿಸಿ.

ನೀವು ಬರೆದಿರುವುದು ಇಷ್ಟು. ಪಿಜಿ ಬಿಟ್ಟು ಮನೆ ಮಾಡಿದ್ದೀರಿ. ಪ್ಯಾಕೆಟ್ ಜೋಳದ ಹಿಟ್ಟು ತಂದು, ಚಪಾತಿಗೆ ಕಲಸುವ ಹಾಗೆ ತಣ್ಣೀರಿನಲ್ಲಿ ಕಲಸಿ ಅರ್ಧ ಗಂಟೆ ಬಿಟ್ಟಿದ್ದೀರಿ. ತಟ್ಟುವಾಗ ಅಂಚೆಲ್ಲ ಬಿರಿಯಿತು, ತವಾಕ್ಕೆ ಹಾಕುವಷ್ಟರಲ್ಲಿ ಎರಡು ತುಂಡಾಯಿತು. ಅರ್ಧಕ್ಕರ್ಧ ಗೋಧಿ ಹಿಟ್ಟು ಬೆರೆಸಿದರೆ ಸರಿಹೋಗುತ್ತದಾ ಅಂತ ಕೇಳಿದ್ದೀರಿ. ಬೆರೆಸಿದರೆ ಹರಿಯುವುದಿಲ್ಲ, ನಿಜ. ಆದರೆ ಆರಿದ ಮೇಲೆ ಅದು ಚರ್ಮದ ಹಾಗೆ ಎಳೆದುಕೊಂಡು ತಿನ್ನಬೇಕು, ಜೋಳಕ್ಕಿರುವ ಆ ಸಣ್ಣ ಸಿಹಿಯೂ ಉಳಿಯುವುದಿಲ್ಲ.

ನಾನು ಬಾಗಲಕೋಟೆ ಕಡೆಯವಳು. ಮದುವೆಯಾಗಿ ಬೆಂಗಳೂರಿಗೆ ಬಂದು ವಿಜಯನಗರದಲ್ಲಿ ಮನೆ ಮಾಡಿದ ಮೊದಲ ವರ್ಷ ನನಗೂ ಇದೇ ಆಯಿತು. ಯುಗಾದಿಗೆ ಹೋದವಳು ಊರಿಂದ 5 ಕೆಜಿ ಹಿಟ್ಟು ತಂದಿದ್ದೆ. ಏಪ್ರಿಲ್ ಪೂರ್ತಿ ರೊಟ್ಟಿ ಚೆನ್ನಾಗಿ ಬಂತು, ಜೂನ್ ಹೊತ್ತಿಗೆ ಒಂದೂ ಇಡಿಯಾಗಿ ಏಳಲಿಲ್ಲ. ಇಲ್ಲಿನ ನೀರೇ ಸರಿಯಿಲ್ಲ ಅಂದುಕೊಂಡು ಬೋರ್‌ವೆಲ್ ನೀರು ಬಿಟ್ಟು ಕಾವೇರಿ ನೀರಿನಲ್ಲಿ ಕಲಸಿದೆ, ಹೊಸ ತವಾ ತಂದೆ, ಏನು ಮಾಡಿದರೂ ಅಷ್ಟೇ. ಕೊನೆಗೆ ಫೋನಿನಲ್ಲಿ ಅವ್ವ ಕೇಳಿದ್ದು ಒಂದೇ ಮಾತು: "ಹಿಟ್ಟು ಯಾವಾಗ ಬೀಸಿಸಿದ್ದು?" ಹೇಳಿದೆ. "ಹಿಟ್ಟು ಹಳೇದಾಗೈತಿ, ನಿನ್ನ ಕೈದೇನೂ ತಪ್ಪಿಲ್ಲ" ಅಂದಳು. ಆ ಮಾತು ಕೇಳಿ ನನಗೆ ಎಷ್ಟು ಸಮಾಧಾನ ಆಯಿತು ಅಂದರೆ, ಅದನ್ನೇ ಈಗ ನಿಮಗೂ ಹೇಳುತ್ತಿದ್ದೇನೆ.

ಗೋಧಿಯಲ್ಲಿ ಗ್ಲುಟನ್ ಇದೆ. ನೀರು ಬಿದ್ದು ಸ್ವಲ್ಪ ಹೊತ್ತು ಸುಮ್ನೆ ಬಿಟ್ಟರೆ ಅದು ತಾನೇ ಹಿಟ್ಟನ್ನು ಹಿಡಿದುಕೊಳ್ಳುತ್ತದೆ, ಅದಕ್ಕೇ ಚಪಾತಿ ಹಿಟ್ಟು ನೆನೆಯಬೇಕು. ಜೋಳದಲ್ಲಿ ಗ್ಲುಟನ್ ಇಲ್ಲವೇ ಇಲ್ಲ. ಅಲ್ಲಿ ಹಿಡಿದುಕೊಳ್ಳುವುದು ಪಿಷ್ಟ, ಅದು ಅಂಟಾಗಬೇಕಾದರೆ ಕುದಿಯುವ ನೀರು ಬೀಳಲೇಬೇಕು. ರಾಗಿ ಮುದ್ದೆ ತಣ್ಣೀರಿನಲ್ಲಿ ಆಗುತ್ತದಾ? ಅಕ್ಕಿ ಹಿಟ್ಟನ್ನು ಉಕ್ಕರಿಸಿ ರೊಟ್ಟಿ ಮಾಡುವುದೂ ಇದಕ್ಕೇ. ನಮ್ಮ ಕಡೆ ಈ ಅಂಟಿಗೆ ಜಿಗಿ ಅನ್ನುತ್ತಾರೆ. ಬೀಸಿ ಜಾಸ್ತಿ ದಿನ ಆದ ಹಾಗೆ ಜಿಗಿ ಕಡಿಮೆಯಾಗುತ್ತದೆ, ಹಿಟ್ಟಿನಲ್ಲಿರುವ ಎಣ್ಣೆಯಂಶ ಕೆಟ್ಟು ಕಹಿಯೂ ಬರುತ್ತದೆ. ಒಂದು ಚಿಟಿಕೆ ಬಾಯಿಗೆ ಹಾಕಿ ನೋಡಿ, ಕಹಿ ಅನಿಸಿದರೆ ಆ ಪ್ಯಾಕೆಟ್ಟಿನಲ್ಲಿ ರೊಟ್ಟಿ ಮಾಡಬೇಡಿ. ಪ್ಯಾಕೆಟ್ ಮೇಲಿನ ತಾರೀಖಿನ ಪ್ರಕಾರ ಹಿಟ್ಟು ಕೆಟ್ಟಿರುವುದಿಲ್ಲ, ಆದರೆ ರೊಟ್ಟಿಗೆ ಬೇಕಾದ ಜಿಗಿ ಅದರಲ್ಲಿ ಉಳಿದಿರುವುದಿಲ್ಲ.

ಹಾಗಾಗಿ ಜೋಳ ತಂದು ಬೀಸಿಸಿ. ಹಿಂಗಾರಿ ಬಿಳಿ ಜೋಳ ಕೇಳಿ, ಮಾಲದಂಡಿ ಸಿಕ್ಕರೆ ಅದೇ ಒಳ್ಳೆಯದು, ಕಾಳು ದಪ್ಪಗೆ ಮುತ್ತಿನ ಹಾಗೆ ಹೊಳೆಯುತ್ತದೆ. ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ ಹಿಟ್ಟಿನ ಮಿಲ್ ಇನ್ನೂ ಇವೆ. ಹೋದಾಗ ನಿಮಗಿಂತ ಮುಂಚೆ ಯಾರಾದರೂ ಖಾರದ ಪುಡಿ ಹಾಕಿಸಿದ್ದಾರಾ ಅಂತ ಕೇಳಿಕೊಳ್ಳಿ, ನುಣ್ಣಗೆ ಬೀಸಲು ಹೇಳಿ. ಒಬ್ಬರಿಗೆ 2 ಕೆಜಿ ಸಾಕು. ಹದಿನೈದು ಇಪ್ಪತ್ತು ದಿನದಲ್ಲಿ ಮುಗಿಸಿ.

ಇನ್ನು ಕಲಸುವುದು. 2 ಲೋಟ ಹಿಟ್ಟಿಗೆ ಸುಮಾರು ಒಂದೂವರೆ ಲೋಟ ನೀರು, ಚೂರು ಉಪ್ಪು ಹಾಕಿ ಒಲೆ ಮೇಲಿಡಿ. ನೀರು ಗುಳ್ಳೆ ಬಂದರೆ ಸಾಲದು, ಮಳಮಳ ಕುದಿಯಬೇಕು. ಹಿಟ್ಟಿನ ನಡುವೆ ಗುಂಡಿ ಮಾಡಿ ಆ ನೀರು ಸುರಿದು, ಸೌಟಿನ ಹಿಡಿಯಿಂದ ಕಲೆಸಿ, ಐದು ನಿಮಿಷ ಮುಚ್ಚಿಡಿ. ಕೈಗೆ ತಡೆಯುವಷ್ಟು ಬಿಸಿ ಇದ್ದಾಗಲೇ ನಾದಲು ಶುರು ಮಾಡಿ.

ಎಲ್ಲಾ ಹಿಟ್ಟನ್ನು ಒಟ್ಟಿಗೆ ನಾದಿ ಉಂಡೆ ಕಟ್ಟಿ ಸಾಲಾಗಿ ಇಟ್ಟುಬಿಡುತ್ತಾರೆ, ತುಂಬಾ ಜನ ಎಡವುವುದು ಇಲ್ಲೇ. ಮೂರನೇ ರೊಟ್ಟಿಗೆ ಬರುವಷ್ಟರಲ್ಲಿ ಉಂಡೆ ಒಣಗಿರುತ್ತದೆ. ಒಂದು ರೊಟ್ಟಿಗೆ ಬೇಕಾದಷ್ಟನ್ನು ಮಾತ್ರ ಮುರಿದುಕೊಳ್ಳಿ, ಉಳಿದದ್ದನ್ನು ಒದ್ದೆ ಬಟ್ಟೆಯಲ್ಲಿ ಮುಚ್ಚಿಡಿ. ಬೆರಳು ಬಿಸಿನೀರಿಗೆ ಅದ್ದಿ, ಅಂಗೈಯ ಬುಡದಿಂದ ಮುಂದಕ್ಕೆ ಒರೆಸಿದ ಹಾಗೆ ತಿಕ್ಕಿ, ಮಡಚಿ, ಮತ್ತೆ ತಿಕ್ಕಿ. ಮೊದಲು ಮರಳು ಮರಳಾಗಿ ಕೈಗೆ ಸಿಗುತ್ತದೆ. ಎರಡು ಮೂರು ನಿಮಿಷಕ್ಕೆ ಬೆಣ್ಣೆ ಹಾಗೆ ಜಾರುತ್ತದೆ. ಉಂಡೆ ಕಟ್ಟಿ ಮೇಲಿಂದ ಒತ್ತಿ ನೋಡಿ. ಅಂಚಿನಲ್ಲಿ ಬಿರುಕು ಕಂಡರೆ ಇನ್ನೂ ನಾದಬೇಕು ಅಂತ ಅರ್ಥ. ಆ ಬಿರುಕೇ ತಟ್ಟಿದಾಗ ದೊಡ್ಡದಾಗುವುದು.

ಕೆಳಗೆ ಒಣ ಹಿಟ್ಟು ಉದುರಿಸಿ, ಬಲಗೈಯಿಂದ ತಟ್ಟುತ್ತಾ ಎಡಗೈಯಿಂದ ಅಂಚು ಕಾಯ್ದುಕೊಳ್ಳಿ. ಶುರುವಿನಲ್ಲಿ ಅಂಗೈ ಅಗಲಕ್ಕಿಂತ ಸ್ವಲ್ಪ ದೊಡ್ಡದಾದರೆ ಸಾಕು. ಬರದಿದ್ದರೆ ಲಟ್ಟಣಿಗೆ ತಗೊಳ್ಳಿ, ಏನೂ ತಪ್ಪಿಲ್ಲ. ಈಗ ನಮ್ಮ ಊರಿನಲ್ಲೂ ಎಷ್ಟೋ ಮನೆಯಲ್ಲಿ ಲಟ್ಟಿಸುತ್ತಾರೆ.

ತವಾ ಕಬ್ಬಿಣದ್ದೇ ಇರಲಿ, ಚೆನ್ನಾಗಿ ಕಾದಿರಲಿ. ಒಣ ಹಿಟ್ಟು ಹತ್ತಿದ ಬದಿ ಮೇಲೆ ಬರುವ ಹಾಗೆ ಹಾಕಿ, ತಕ್ಷಣ ಒದ್ದೆ ಬಟ್ಟೆಯಿಂದ ಮೇಲೆಲ್ಲ ನೀರು ಸವರಿ. ನೀರು ಆರುತ್ತಾ ಬಂದು ಮೈ ಮಂಕಾದ ಕೂಡಲೇ ತಿರುವಿ. ಪೂರ್ತಿ ಒಣಗುವ ತನಕ ಕಾದರೆ ಬಿರಿಯುತ್ತದೆ, ಹಸಿ ಇರುವಾಗಲೇ ತಿರುವಿದರೆ ಅಂಟುತ್ತದೆ. ಇದೊಂದು ಹದ ಮಾತ್ರ ನಾಲ್ಕಾರು ರೊಟ್ಟಿ ಮಾಡಿಯೇ ಕಣ್ಣಿಗೆ ಸಿಗಬೇಕು. ಎರಡೂ ಬದಿ ಬೆಂದ ಮೇಲೆ ಉರಿಗೆ ಹಿಡಿದರೆ ಉಬ್ಬುತ್ತದೆ. ಇಂಡಕ್ಷನ್ ಒಲೆಯಾದರೆ ತವಾದ ಮೇಲೇ ಬಟ್ಟೆ ಮಡಚಿ ಅಂಚು ಒತ್ತಿ.

ಚಪಾತಿ ಮಧ್ಯಾಹ್ನಕ್ಕೆ ಗಟ್ಟಿಯಾಗುತ್ತದೆ ಅಂತಲೂ ಕೇಳಿದ್ದೀರಲ್ವಾ, ಅದಕ್ಕೆ ಇನ್ನೊಂದು ಚೂರು ನೀರು ಜಾಸ್ತಿ ಹಾಕಿ ಮೆತ್ತಗೆ ಕಲಸಿ, ದೊಡ್ಡ ಉರಿಯಲ್ಲಿ ಬೇಗ ಬೇಯಿಸಿ. ಸಣ್ಣ ಉರಿಯಲ್ಲಿ ಇಟ್ಟರೆ ನೀರೆಲ್ಲ ಆರಿಹೋಗುತ್ತದೆ.

ಜೊತೆಗೆ ದೊಡ್ಡ ಅಡುಗೆ ಏನೂ ಬೇಡ. ಶೇಂಗಾ ಚಟ್ನಿ ಪುಡಿ, ಕೆನೆ ಮೊಸರು, ಹಸಿ ಈರುಳ್ಳಿ ಸಾಕು. ರಜೆ ಇದ್ದ ದಿನ ಎಣ್ಣೆಗಾಯಿ ಮಾಡಿ.

ಮೊದಲ ವಾರ ಕೆಲವು ರೊಟ್ಟಿ ಹರಿದೇ ಹರಿಯುತ್ತವೆ. ಅವನ್ನು ಎಸೆಯಬೇಡಿ, ಮುಟಗಿ ಮಾಡಿ. ಹರಿದ ರೊಟ್ಟಿಯನ್ನು ತವಾದಿಂದ ತೆಗೆದ ಬಿಸಿಯಲ್ಲೇ ಚೂರು ಮಾಡಿ, ನಾಲ್ಕು ಎಸಳು ಬೆಳ್ಳುಳ್ಳಿ, ಜೀರಿಗೆ, ಉಪ್ಪು, ಒಂದು ಹಸಿಮೆಣಸಿನಕಾಯಿ ಜಜ್ಜಿ ಹಾಕಿ, ಎರಡು ಚಮಚ ತುಪ್ಪ ಬಿಟ್ಟು ಚೆನ್ನಾಗಿ ಕುಟ್ಟಿ, ಮುಷ್ಟಿಯಲ್ಲಿ ಒತ್ತಿ ಉಂಡೆ ಕಟ್ಟಿ. ರೊಟ್ಟಿ ಆರಿದ ಮೇಲೆ ಇದು ಕಟ್ಟಲು ಬರುವುದಿಲ್ಲ, ಬೆಳ್ಳುಳ್ಳಿ ಮೊದಲೇ ಸುಲಿದಿಟ್ಟುಕೊಳ್ಳಿ.