ಡೆಕೋರಾದ ಲೆಫ್ಸೆ, ನಮ್ಮ ಮನೆಯ ಕನ್ನಡ

ಪ್ರಶ್ನೆ: ನನ್ನ ಮಗಳು ಅಮೆರಿಕದ ಅಯೋವಾ ರಾಜ್ಯದ ಡೆಕೋರಾ ಊರಿನಲ್ಲಿದ್ದಾಳೆ. ಅಲ್ಲಿ ನಾರ್ವೆಯ ಬಾವುಟ, ನಾರ್ವೆಯ ಹಬ್ಬ ಎಲ್ಲ ಇದೆಯಂತೆ, ಮಾತು ಮಾತ್ರ ಇಂಗ್ಲಿಷ್. ನನ್ನ ಮೊಮ್ಮಕ್ಕಳ ಕನ್ನಡಕ್ಕೂ ಇದೇ ಗತಿನಾ?
– ಓದುಗರೊಬ್ಬರು, ಸಪ್ತಾಪುರ, ಧಾರವಾಡ

ಉತ್ತರ: ನಿಮ್ಮ ಅಂಜಿಕೆ ನನಗೂ ಇದೆ. ಅದಕ್ಕೇ ಆ ಊರಿನ ಕತೆಯನ್ನೇ ಮೊದಲು ಹೇಳುತ್ತೇನೆ.

ಡೆಕೋರಾದಲ್ಲಿ ಎಂಟು ಸಾವಿರ ಜನ ಕೂಡ ಇಲ್ಲ, ನಮ್ಮ ಕಡೆಯ ಒಂದು ದೊಡ್ಡ ಹಳ್ಳಿ ಅಷ್ಟೇ. ನಾರ್ವೆಯಲ್ಲಿ ಬೆಟ್ಟ, ಕಲ್ಲು ಜಾಸ್ತಿ, ಉಳುವ ನೆಲ ನೂರಕ್ಕೆ ಮೂರು ಪಾಲು. ಹೊಲ ಹಿರಿಮಗನಿಗೆ ಹೋದರೆ ಉಳಿದವರು ಏನು ಮಾಡಬೇಕು? 1825ರಿಂದ ನೂರು ವರ್ಷದಲ್ಲಿ ಎಂಟು ಲಕ್ಷ ಜನ ಅಮೆರಿಕದ ಕಡೆ ಹಡಗು ಹತ್ತಿದರು, ಅವರಲ್ಲಿ ಕೆಲವರು ಡೆಕೋರಾದಲ್ಲಿ ನೆಲೆಸಿದರು.

ಅವರು ಮಾತನ್ನು ಸುಲಭಕ್ಕೆ ಬಿಡಲಿಲ್ಲ. ಡೆಕೋರಾದಲ್ಲಿ 1874ರಲ್ಲಿ ಶುರುವಾದ 'ಡೆಕೋರಾ-ಪೋಸ್ಟೆನ್' ಅನ್ನೋ ನಾರ್ವೆ ಭಾಷೆಯ ಪತ್ರಿಕೆ 1972ರವರೆಗೆ ನಡೆಯಿತು. 98 ವರ್ಷ! ಚರ್ಚಿನಲ್ಲಿ ಪ್ರಾರ್ಥನೆಯೂ ಅದೇ ಭಾಷೆಯಲ್ಲಿ. ಆದರೆ 1918ರಲ್ಲಿ, ಮಹಾಯುದ್ಧದ ಹೊತ್ತಿನಲ್ಲಿ, ಅಯೋವಾದ ಗವರ್ನರ್ ಹಾರ್ಡಿಂಗ್ ಒಂದು ಆದೇಶ ಹೊರಡಿಸಿದರು. ಶಾಲೆ, ರಸ್ತೆ, ಚರ್ಚು, ಕೊನೆಗೆ ಫೋನಿನಲ್ಲೂ ಇಂಗ್ಲಿಷ್ ಮಾತ್ರ. ಇಂಗ್ಲಿಷ್ ಬಾರದ ಅಜ್ಜಿ ಫೋನಿನಲ್ಲಿ ಯಾರ ಜೊತೆ ಏನು ಮಾತಾಡಬೇಕಿತ್ತು, ಹೇಳಿ.

ನಮ್ಮ ಮಕ್ಕಳಿಗೆ ಹಾಗೆ ಯಾರೂ ಅಡ್ಡಿ ಮಾಡಿಲ್ಲ. ಮನೆಯಲ್ಲಿ ನಾವೇ ಇಂಗ್ಲಿಷಿಗೆ ಹೊರಳುತ್ತೇವೆ, ನನಗೆ ಜಾಸ್ತಿ ನೋವಾಗೋದು ಅದಕ್ಕೆ. ಮರಾಠಿಯ ಜೋರಿನ ನಡುವೆ ಕನ್ನಡ ಬೆಳೆಯಲಿ ಅಂತ 1890ರಲ್ಲಿ ವಿದ್ಯಾವರ್ಧಕ ಸಂಘ ಕಟ್ಟಿದ ಊರು ನಮ್ಮದು, ಅಲ್ವಾ?

ಡೆಕೋರಾದಲ್ಲಿ ಪತ್ರಿಕೆ ನಿಂತರೂ ಲೆಫ್ಸೆ ಉಳಿದಿದೆ. ಬೇಯಿಸಿದ ಆಲೂಗಡ್ಡೆಗೆ ಹಿಟ್ಟು, ಬೆಣ್ಣೆ ಹಾಕಿ ನಾದಿ, ತೆಳ್ಳಗೆ ಲಟ್ಟಿಸಿ ಹಂಚಿನ ಮೇಲೆ ಬೇಯಿಸುವ ರೊಟ್ಟಿ ಅದು. ಬೆಣ್ಣೆ, ಸಕ್ಕರೆ ಸವರಿ ಸುತ್ತಿ ತಿನ್ನುತ್ತಾರೆ. ಅಜ್ಜಿಯ ಪಕ್ಕ ನಿಂತು ಮಕ್ಕಳು ಕಲಿತದ್ದು, ಅದಕ್ಕೇ ಉಳಿಯಿತು ಅಂತ ನನ್ನ ನಂಬಿಕೆ. ಭಾಷೆಗೂ ಇಂಥ ದಿನದ ಕೆಲಸ ಬೇಕು, ವರ್ಷಕ್ಕೊಂದು ರಾಜ್ಯೋತ್ಸವ ಸಾಲದು. ಈ ಭಾನುವಾರ ನೀವು ರೊಟ್ಟಿ ಬಡಿಯುವಾಗಲೇ ಮೊಮ್ಮಕ್ಕಳಿಗೆ ವಿಡಿಯೋ ಕಾಲ್ ಮಾಡಿ. ಅವರೂ ಅಲ್ಲಿ ಹಿಟ್ಟು ಕಲಸಲಿ. ನೀರು ಎಷ್ಟು, ಹಂಚು ಕಾದಿದೆಯಾ ಅನ್ನೋದನ್ನೆಲ್ಲ ಕನ್ನಡದಲ್ಲೇ ಕೇಳಲಿ. ತಪ್ಪು ಮಾತಾಡಿದರೆ ನಗಬೇಡಿ. ರೊಟ್ಟಿ ಹರಿದರೂ ಪರವಾಗಿಲ್ಲ, ಮುಂದಿನ ವಾರ ಮತ್ತೆ ಮಾಡಿಸಿ.