ಮೂಲ ಕೋಡಿನ ಬಿಲ್ಡ್ ತೊಂದರೆಗೆ ಪ್ಯಾಕೇಜ್ ಮಾಡುವವರು ಕೈಹಾಕಬಹುದೇ?

ಪ್ರಶ್ನೆ: ನಮ್ಮ ಕಾಲೇಜಿನ ಲ್ಯಾಬಿಗೆ ಒಂದು ಓಪನ್ ಸೋರ್ಸ್ ತಂತ್ರಾಂಶದ ಪ್ಯಾಕೇಜ್ ಕಟ್ಟುತ್ತೇನೆ. ಡೆಬಿಯನ್ ಎಂಬ ಲಿನಕ್ಸ್ ವ್ಯವಸ್ಥೆಯ 12ನೇ ಆವೃತ್ತಿಯಲ್ಲಿ ಸಲೀಸಾಗಿ ಬಿಲ್ಡ್ ಆಗುತ್ತಿತ್ತು (ಕೋಡಿನಿಂದ ಓಡಬಲ್ಲ ಪ್ರೋಗ್ರಾಮ್ ತಯಾರಾಗುತ್ತಿತ್ತು). 13ಕ್ಕೆ ಬಂದ ಮೇಲೆ ‘ಸ್ಟ್ರಪ್‌ಟೈಮ್’ ಎಂಬ, ದಿನಾಂಕದ ಪಠ್ಯ ಓದುವ ಫಂಕ್ಷನ್‌ಗೆ ಘೋಷಣೆ (ಡಿಕ್ಲರೇಶನ್) ಇಲ್ಲ ಎಂದು ನಿಲ್ಲುತ್ತದೆ. ನಾನೇ ತಿದ್ದಲೇ, ಮೂಲ ಡೆವಲಪರ್‌ಗಳಿಗೆ ಕಾಯಲೇ? ‘ಎಫ್‌ಪರ್ಮಿಸಿವ್’ ಫ್ಲ್ಯಾಗ್ (ಇಂಥ ಎರರನ್ನು ಬರೀ ವಾರ್ನಿಂಗ್ ಮಾಡುವ ಕಂಪೈಲರ್ ಆಯ್ಕೆ) ಹಾಕಿದರೆ ಸಾಕು ಅಂತಾರೆ ಗೆಳೆಯರು.
– ಓದುಗರೊಬ್ಬರು, ಮಂಡ್ಯ

ಉತ್ತರ: ಕಾಯಬೇಡಿ, ತಿದ್ದಿ. ತಿದ್ದಿದ್ದನ್ನು ಮೂಲದವರಿಗೂ ಕಳಿಸಿ. ಫ್ಲ್ಯಾಗ್ ಮಾತ್ರ ಖಂಡಿತ ಬೇಡ.

ಡೆಬಿಯನ್ 12ರಲ್ಲಿದ್ದ ಕಂಪೈಲರ್ (ಕೋಡನ್ನು ಯಂತ್ರಭಾಷೆಗೆ ತಿರುಗಿಸುವ ತಂತ್ರಾಂಶ) ಜಿಸಿಸಿ 12. 13ರಲ್ಲಿರುವುದು ಜಿಸಿಸಿ 14. ಘೋಷಣೆಯಿಲ್ಲದ ಫಂಕ್ಷನ್ ಕರೆದರೆ ಹಳೆಯದು ವಾರ್ನಿಂಗ್ ಕೊಟ್ಟು ಮುಂದೆ ಹೋಗುತ್ತಿತ್ತು, ಹೊಸದು ಎರರ್ ಕೊಡುತ್ತದೆ. ಒಳ್ಳೆಯದೇ ಆಯಿತು. ಘೋಷಣೆ ಸಿಗದಿದ್ದಾಗ ಕಂಪೈಲರ್ ಆ ಫಂಕ್ಷನ್ ‘ಇಂಟ್’ (32 ಬಿಟ್ ಪೂರ್ಣಾಂಕ) ಕೊಡುತ್ತದೆ ಎಂದುಕೊಳ್ಳುತ್ತದೆ. ಸ್ಟ್ರಪ್‌ಟೈಮ್ ಕೊಡುವುದು ಪಾಯಿಂಟರ್, ಅಂದರೆ ಮೆಮೊರಿಯ ವಿಳಾಸ. 64 ಬಿಟ್ ಯಂತ್ರದಲ್ಲಿ ವಿಳಾಸದ ಮೇಲಿನ 32 ಬಿಟ್ ಕಳೆದುಹೋಗಿ, ಬಿಲ್ಡ್ ಆದ ಪ್ರೋಗ್ರಾಮ್ ಓಡುವಾಗ ಸೆಗ್‌ಫಾಲ್ಟ್ ಆಗಿ (ತಪ್ಪು ವಿಳಾಸ ಮುಟ್ಟಿ) ಸತ್ತುಹೋಗಬಹುದು. ಫ್ಲ್ಯಾಗ್ ಹಾಕಿದರೆ ಆ ದೋಷ ವಿದ್ಯಾರ್ಥಿಗಳ ಪಾಲಿಗೆ ಬೀಳುತ್ತದೆ.

ಪರಿಹಾರ ಒಂದೇ ಸಾಲು: ಆ ಸಿ ಫೈಲಿನಲ್ಲಿ ಎಲ್ಲ ಇನ್‌ಕ್ಲೂಡ್‌ಗಳಿಗಿಂತ ಮೇಲೆ ‘_ಗ್ನೂ_ಸೋರ್ಸ್’ ಡಿಫೈನ್ ಮಾಡಿ. ಕೆಳಗೆ ಹಾಕಿದರೆ ಪ್ರಯೋಜನವಿಲ್ಲ. ಮೊದಲ ಹೆಡರ್ ಓದುವಾಗಲೇ ಯಾವ ಘೋಷಣೆ ತೋರಿಸಬೇಕೆಂದು ಜಿಲಿಬ್‌ಸಿ (ಸಿ ಭಾಷೆಯ ಮೂಲ ಲೈಬ್ರರಿ) ನಿರ್ಧರಿಸಿರುತ್ತದೆ. ‘_ಎಕ್ಸ್‌ಓಪನ್_ಸೋರ್ಸ್’ ಒಂದನ್ನೇ ಹಾಕಿದರೆ ಬೇರೆ ಕೆಲವು ಘೋಷಣೆ ಮರೆಯಾಗಿ ಹೊಸ ಎರರ್ ಬರಬಹುದು.

ಇಂಥ ತಿದ್ದುಪಡಿ ಪ್ಯಾಕೇಜ್ ಮಾಡುವವರ ಕೆಲಸವೇ. ಹೊಸ ಕಂಪೈಲರ್ ಮೊದಲು ಎದುರಾಗುವುದು ನಿಮಗೆ, ಎಷ್ಟೋ ಸಲ ಮೂಲದವರ ಬಳಿ ಅದು ಇನ್ನೂ ಇರುವುದಿಲ್ಲ. ಆದರೆ ಪ್ರೋಗ್ರಾಮಿನ ನಡವಳಿಕೆ ಬದಲಾಗುವಂಥದ್ದನ್ನು ಅವರನ್ನು ಕೇಳದೆ ಮುಟ್ಟಬೇಡಿ. 2006ರಲ್ಲಿ ವಾಲ್‌ಗ್ರಿಂಡ್ ಎಂಬ ಮೆಮೊರಿ ದೋಷ ಹುಡುಕುವ ಸಾಧನದ ವಾರ್ನಿಂಗ್ ಹೋಗಲೆಂದು ಡೆಬಿಯನ್ನಿನ ಓಪನ್‌ಎಸ್‌ಎಸ್‌ಎಲ್‌ನಲ್ಲಿ (ಗೂಢಲಿಪೀಕರಣದ ಲೈಬ್ರರಿ) ಎರಡು ಸಾಲು ತೆಗೆದರು. ಗೂಢಲಿಪಿಯ ಕೀ ಹುಟ್ಟಿಸಲು ಉಳಿದ ಯಾದೃಚ್ಛಿಕತೆ ಪ್ರೋಸೆಸ್ ಐಡಿ ಮಾತ್ರ, ಅದೂ ಹೆಚ್ಚೆಂದರೆ 32,768ರವರೆಗೆ. ಬಯಲಾದದ್ದು 2008ರ ಮೇ ತಿಂಗಳಲ್ಲಿ. ಅಷ್ಟು ಹೊತ್ತಿಗೆ ಸುಲಭವಾಗಿ ಊಹಿಸಬಹುದಾದ ಆ ಕೀಗಳು ಲೋಕವೆಲ್ಲ ಹರಡಿದ್ದವು.

ಮೂಲದವರ ಗಿಟ್‌ನಲ್ಲಿ (ಕೋಡಿನ ಬದಲಾವಣೆಗಳ ಸಂಗ್ರಹ) ಇದೇ ತಿದ್ದುಪಡಿ ಆಗಲೇ ಇದೆಯೇ ಎಂದು ಮೊದಲು ನೋಡಿ. ಇದ್ದರೆ ಆ ಕಮಿಟ್ ತಗೊಳ್ಳಿ. ಇಲ್ಲದಿದ್ದರೆ ಪ್ಯಾಚ್ (ತಿದ್ದುಪಡಿಯ ಫೈಲ್) ನೋಡಿಕೊಳ್ಳುವ ಕ್ವಿಲ್ಟ್ ಸಾಧನದಲ್ಲಿ ‘ಕ್ವಿಲ್ಟ್ ನ್ಯೂ’, ‘ಕ್ವಿಲ್ಟ್ ಆಡ್’ ಆದ ಮೇಲೆ ಫೈಲ್ ತಿದ್ದಿ, ‘ಕ್ವಿಲ್ಟ್ ರಿಫ್ರೆಶ್’ ಕೊಡಿ. ‘ಆಡ್’ ಕೊಡುವ ಮುನ್ನವೇ ತಿದ್ದಿದರೆ ಪ್ಯಾಚ್ ಖಾಲಿ ಬರುತ್ತದೆ. ಪ್ಯಾಚಿನ ತಲೆಯಲ್ಲಿ ಕಾರಣ ಬರೆದು, ‘ಫಾರ್ವರ್ಡೆಡ್’ ಸಾಲಿಗೆ ಮೂಲದವರಿಗೆ ಕಳಿಸಿದ ಕೊಂಡಿ ಹಾಕಿ. ನಿಮ್ಮ ಕಂಪ್ಯೂಟರಿನಲ್ಲಿ ಆದರೆ ಸಾಲದು, ಪ್ಯಾಕೇಜನ್ನು ಪ್ರತ್ಯೇಕವಾಗಿ ಬಿಲ್ಡ್ ಮಾಡುವ ‘ಎಸ್‌ಬಿಲ್ಡ್’ನ ಶುಚಿ ಪರಿಸರದಲ್ಲೂ ಬಿಲ್ಡ್ ಮಾಡಿ ನೋಡಿ. ಮುಂದೊಂದು ಆವೃತ್ತಿಯಲ್ಲಿ ಅವರೇ ಸೇರಿಸಿಕೊಂಡರೆ ಪ್ಯಾಚ್ ಕೂರುವುದಿಲ್ಲ. ಆಗ ಪ್ಯಾಚ್‌ಗಳ ಪಟ್ಟಿಯಾದ ‘ಸೀರೀಸ್’ ಫೈಲಿನಿಂದ ಆ ಪ್ಯಾಚಿನ ಸಾಲು ಅಳಿಸಿ.